ಖಳನಾಯಕನಿಲ್ಲದ ಶಾಲೆಗಳು

ಮುಚ್ಚಲಿರುವ ಹಳ್ಳಿ ಶಾಲೆಯೊಂದರ ಬಗ್ಗೆ ಕನ್ನಡದಲ್ಲಿ ಸಿನಿಮಾ ಬಂದದ್ದು, ಅದನ್ನು ಜನ ಮೆಚ್ಚಿದ್ದು ಸಂತೋಷದ ಸಂಗತಿ. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಇತ್ತೀಚೆಗೆ ಮತ್ತೊಮ್ಮೆ ನೋಡಿದಾಗಲೂ ನಾವು ಮನಸಾರೆ ನಕ್ಕೆವು. ಆದರೆ ಈ ಸಲ ಒಂದು ಪ್ರಶ್ನೆ ಬಿಡದೆ ಕಾಡಿತು. ನಮ್ಮ ಹಳ್ಳಿಯ ಶಾಲೆಗಳು ನಿಜಕ್ಕೂ ಹೀಗೆಯೇ ಮುಚ್ಚುತ್ತವೆಯೇ?

ಚಿತ್ರದಲ್ಲಿ ಶಾಲೆ ಮುಚ್ಚಿಸಲು ಹೊರಟವನು ಒಬ್ಬ ಅಧಿಕಾರಿ. ಮಕ್ಕಳೂ ಊರವರೂ ಮೈಸೂರಿನಿಂದ ಅನಂತಪದ್ಮನಾಭರನ್ನು ಕರೆತರುತ್ತಾರೆ. ಅನಂತನಾಗ್ ಕೋರ್ಟಿನಲ್ಲಿ ವಾದಿಸುತ್ತಾರೆ, ಶಾಲೆ ಉಳಿಯುತ್ತದೆ. ಮಕ್ಕಳು ಇದ್ದಾರೆ, ಊರು ಇದೆ, ಅಡ್ಡಿಯಾಗಿರುವವನು ಒಬ್ಬ ಮನುಷ್ಯ. ಅವನು ಸೋತರೆ ಸಮಸ್ಯೆ ಮುಗಿಯಿತು. ಪ್ರೇಕ್ಷಕ ಹಗುರಾಗಿ ಮನೆಗೆ ಹೋಗಬಹುದು.

ಕಾಸರಗೋಡಿನ ಮಟ್ಟಿಗೆ ಇದರಲ್ಲಿ ಸತ್ಯವಿದೆ. 1956ರಲ್ಲಿ ಕೇರಳಕ್ಕೆ ಸೇರಿದ ಆ ನೆಲದಲ್ಲಿ ಕನ್ನಡ ಶಾಲೆಯ ಸಂಕಟ ಮುಖ್ಯವಾಗಿ ಭಾಷೆಯದು. 2001ರಿಂದ 2011ರ ನಡುವೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 12 ಲಕ್ಷದಿಂದ 13 ಲಕ್ಷಕ್ಕೆ ಏರಿತು. ಅಲ್ಲಿ ಜನರಿಗೆ ಕೊರತೆಯಿಲ್ಲ.

ಆದರೆ ಘಟ್ಟ ಹತ್ತಿ ಚಿಕ್ಕಮಗಳೂರಿಗೆ ಬನ್ನಿ. ಅದೇ ಹತ್ತು ವರ್ಷಗಳಲ್ಲಿ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಮೂರು ಸಾವಿರದಷ್ಟು ಇಳಿಯಿತು. ಕೊಡಗಿನಲ್ಲಿ ಹೆಚ್ಚಿದ್ದು ಬರೀ ಆರು ಸಾವಿರ. ಇಡೀ ರಾಜ್ಯದಲ್ಲೇ ಆರು ವರ್ಷದೊಳಗಿನ ಮಕ್ಕಳ ಸಂಖ್ಯೆ 71.8 ಲಕ್ಷದಿಂದ 71.6 ಲಕ್ಷಕ್ಕೆ ಇಳಿಯಿತು. ಮನೆಗೆ ಒಂದೋ ಎರಡೋ ಮಕ್ಕಳು, ಓದಿದವರು ಬೆಂಗಳೂರಿಗೆ, ಈ ಶತಮಾನದ ಆರಂಭದಲ್ಲಿ ಕಾಫಿ ಬೆಲೆ ಕುಸಿದಾಗ ತೋಟದ ಕೆಲಸಕ್ಕೂ ಪೆಟ್ಟು. ಇಲ್ಲಿ ಶಾಲೆಗೆ ಬೀಗ ಹಾಕಲು ದುಷ್ಟ ಅಧಿಕಾರಿ ಬೇಕಿಲ್ಲ. ಹಾಜರಿ ಪುಸ್ತಕವೇ ಸಾಕು.

ಹಾಗಾದರೆ ಜನ ಹೋದರು, ಶಾಲೆ ಮುಚ್ಚಿತು, ಅಷ್ಟೇ ತಾನೆ? ಅಷ್ಟೇ ಅಲ್ಲ. ಮಕ್ಕಳು ಕಡಿಮೆಯಾದಾಗ ಮೊದಲು ಹೋಗುವುದು ಮೇಷ್ಟ್ರು. ಐದು ತರಗತಿಗೆ ಒಬ್ಬರೇ ಉಳಿಯುತ್ತಾರೆ. ಅದನ್ನು ನೋಡಿ ಅನುಕೂಲವಿದ್ದವರು ಮಗುವನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಕೆಲವರು ಮಗುವಿನ ಹಿಂದೆಯೇ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಹೋದ ಸಂಸಾರ ಮರಳುವುದಿಲ್ಲ, ಹೊಸ ಸಂಸಾರ ಬರುವುದಿಲ್ಲ. ಜನ ಹೋದದ್ದರಿಂದ ಶಾಲೆ ಬಡವಾಗುತ್ತದೆ, ಶಾಲೆ ಬಡವಾದದ್ದರಿಂದ ಇನ್ನಷ್ಟು ಜನ ಹೋಗುತ್ತಾರೆ. ಕೊನೆಗೆ ಉಳಿಯುವುದು ಹೋಗಲಾರದವರ ಮಕ್ಕಳು: ಕೂಲಿಯವರು, ದಲಿತರು, ಬಡ ಮುಸ್ಲಿಮರು. ‘ಹತ್ತಿರದ ಶಾಲೆಗೆ ವಿಲೀನ’ ಎಂಬ ಆದೇಶ ಬಂದಾಗ ಆ ಹತ್ತಿರ ಎಷ್ಟು ದೂರವೆಂದು ಗೊತ್ತಾಗುವುದು ಮಲೆನಾಡಿನ ಮಳೆಯಲ್ಲಿ ನಡೆಯಬೇಕಾದ ಹೆಣ್ಣುಮಗುವಿಗೆ.

ಈ ಎರಡನೆಯ ಕಥೆಯನ್ನು ಚಿತ್ರ ಹೇಳುವುದಿಲ್ಲ. ಹೇಳಿದ್ದರೆ ಖಳನಾಯಕನನ್ನು ಎಲ್ಲಿಂದ ತರುವುದು? ಅವನನ್ನು ಹುಡುಕುತ್ತಾ ಹೋದರೆ ಸಿಕ್ಕಿಬೀಳುವವರು ನಾವೇ. ನಾವು ಅಲಿಫ್ ಬೇ ಕಲಿತದ್ದು ಸರಕಾರಿ ಉರ್ದು ಶಾಲೆಯಲ್ಲಿ, ಕಥೆ ಬರೆಯುವಷ್ಟು ಕನ್ನಡ ಕಲಿತದ್ದು ಸರಕಾರಿ ಕನ್ನಡ ಶಾಲೆಯಲ್ಲಿ. ನಮ್ಮ ಮಕ್ಕಳು ಮಾತ್ರ ಹಳದಿ ಬಸ್ಸು ಹತ್ತಿದರು. ಉರ್ದು ಅಳಿಯುತ್ತಿದೆ, ಕನ್ನಡ ಅಳಿಯುತ್ತಿದೆ ಎಂದು ವೇದಿಕೆಗಳಲ್ಲಿ ಕಣ್ಣೀರು ಹಾಕುವಾಗ ಈ ಬಸ್ಸನ್ನು ನಾವು ಮರೆಯುತ್ತೇವೆ. ಸರಕಾರದ್ದು ತಪ್ಪಿಲ್ಲವೆಂದಲ್ಲ. ಎರಡನೇ ಮೇಷ್ಟ್ರನ್ನು ಉಳಿಸಿಕೊಟ್ಟಿದ್ದರೆ ಎಷ್ಟೋ ಮಂದಿ ಆ ಬಸ್ಸಿನ ಕಡೆ ನೋಡುತ್ತಿರಲಿಲ್ಲ. ಆದರೆ ಆ ಮೇಷ್ಟ್ರಿಗಾಗಿ ಗಲಾಟೆ ಮಾಡಬಲ್ಲ ಬಾಯಿಗಳೇ ಮೊದಲು ಊರು ಬಿಟ್ಟವು.

ಚಿತ್ರದ ಹೆಸರಿನಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ‘ಕೊಡುಗೆ: ರಾಮಣ್ಣ ರೈ’ ಎಂಬ ಕೊನೆಯ ತುಂಡು. ಹಳ್ಳಿಯ ಶಾಲೆಗೆ ಒಬ್ಬರು ಜಾಗ ಕೊಟ್ಟರು, ಒಬ್ಬರು ಗೋಡೆ ಗಡಿಯಾರ ಕೊಟ್ಟರು, ಇನ್ನೊಬ್ಬರು ಬೆಂಚು ಕೊಟ್ಟು ಹೆಸರು ಬರೆಸಿದರು. ಜೊತೆಗೆ ಮಕ್ಕಳನ್ನೂ ಅಲ್ಲಿಗೇ ಕಳಿಸಿದರು. ಇಂದು ಶತಮಾನೋತ್ಸವಕ್ಕೆ ಬಣ್ಣ ಬಳಿಸಲು ಹಳೆ ವಿದ್ಯಾರ್ಥಿಗಳು ಧಾರಾಳವಾಗಿ ಹಣ ಕಳಿಸುತ್ತಾರೆ. ಬಣ್ಣ ಬಳಿದ ಆ ಗೋಡೆಗಳ ನಡುವೆ ಕೂರಲು ಯಾರ ಮಗು ಬರುತ್ತದೆ?