ನಿಟಿನಾಲ್ ತಂತಿಯ ಪರೀಕ್ಷೆಗಳು

ನಿಕ್ಕಲ್ ಮತ್ತು ಟೈಟೇನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮವಾಗಿ ಬೆರೆತ ನಿಟಿನಾಲ್, ತಣ್ಣಗಿರುವಾಗ ಮಾರ್ಟೆನ್ಸೈಟ್, ಬಿಸಿಯಾದಾಗ ಆಸ್ಟೆನೈಟ್ ಎಂಬ ಸ್ಫಟಿಕ ರಚನೆ ತಾಳುತ್ತದೆ. ಬಾಗಿಸಿದ ತಂತಿ ಕಾಯಿಸಿದೊಡನೆ ಹಳೆಯ ಆಕಾರಕ್ಕೆ ಮರಳುವುದು ಈ ರೂಪಾಂತರದ ಫಲ. ಅದು ಪೂರ್ಣಗೊಳ್ಳುವ ಉಷ್ಣತೆಯನ್ನು ಗೊತ್ತುಮಾಡುವುದೇ ಪರೀಕ್ಷೆಯ ಮೊದಲ ಕೆಲಸ. ನಿಕ್ಕಲ್ ಅಂಶ ಶೇ. 0.1ರಷ್ಟು ಹೆಚ್ಚಿದರೂ ಆ ಬಿಂದು ಸುಮಾರು 10 ಡಿಗ್ರಿ ಕೆಳಗಿಳಿಯಬಹುದು. ಹಾಗಾಗಿ ರಾಸಾಯನಿಕ ವಿಶ್ಲೇಷಣೆಗಿಂತ ಉಷ್ಣ ಪರೀಕ್ಷೆಯೇ ಇಲ್ಲಿ ಸೂಕ್ಷ್ಮ ಅಳತೆಗೋಲು.

ರೂಢಿಯಲ್ಲಿರುವ ಸಾಧನ ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್. ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಎಫ್2004 ಕ್ರಮದಲ್ಲಿ ಮೃದುಗೊಳಿಸಿದ ಪುಟ್ಟ ತುಣುಕನ್ನು ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸಿ, ತಣಿಸಿ, ಅದು ಹೀರುವ ಮತ್ತು ಬಿಡುವ ಶಾಖವನ್ನು ದಾಖಲಿಸುತ್ತಾರೆ. ಮಿಶ್ರಲೋಹದ ಗಟ್ಟಿಯನ್ನು ಗುರುತಿಸಲು ಇದು ಸಾಕು. ಆದರೆ ಈ ತಂತಿಯಿಂದ ತಯಾರಾದ, ರಕ್ತನಾಳವನ್ನು ತೆರೆದಿಡುವ ಸ್ಟೆಂಟಿನ ನಡತೆಯನ್ನೂ ಇದೇ ಅಂಕಿಯಿಂದ ಊಹಿಸುವುದು ತಪ್ಪು. ತಂತಿ ಎಳೆದು, ಆಕಾರ ಕೊಟ್ಟು, ಮತ್ತೆ ಬಿಸಿ ಮಾಡುವಾಗ ಬಿಂದು ಸರಿಯುತ್ತದೆ. ನಡುವೆ ಆರ್-ಹಂತ ಎಂಬ ಮೂರನೆಯ ರಚನೆ ತಲೆಹಾಕಿ ರೇಖೆಯ ಶಿಖರಗಳು ಒಂದರೊಳಗೊಂದು ಬೆರೆಯುತ್ತವೆ. ಆಗ ಬಿಂದು ಗುರುತಿಸಲು ಸ್ಪರ್ಶರೇಖೆ ಎಳೆಯುವ ಕೈಗೆ ತಕ್ಕಂತೆ ಉತ್ತರ ಬದಲಾಗುತ್ತದೆ. ಎಫ್2082ರ ಬಾಗು-ಚೇತರಿಕೆ ಪರೀಕ್ಷೆ ಸಲಕರಣೆಯಲ್ಲಿ ಬಡವಾದರೂ ಇಂಥಲ್ಲಿ ಹೆಚ್ಚು ಪ್ರಾಮಾಣಿಕ: ತಂತಿಯನ್ನು ತಣ್ಣನೆಯ ದ್ರವದಲ್ಲಿ ಬಾಗಿಸಿ, ದ್ರವ ಬಿಸಿಯಾಗುತ್ತಿದ್ದಂತೆ ಅದು ನೆಟ್ಟಗಾಗುವುದನ್ನೇ ಅಳೆಯುತ್ತದೆ.

ಯಾಂತ್ರಿಕ ಪರೀಕ್ಷೆಗೆ ಎಫ್2516 ಇದೆ. ತಂತಿಯನ್ನು ಶೇ. 6ರಷ್ಟು ಹಿಗ್ಗಿಸಿ, ಸಡಿಲಿಸಿ, ಬಳಿಕ ತುಂಡಾಗುವವರೆಗೆ ಎಳೆಯುತ್ತಾರೆ. ಹಿಗ್ಗಿಸುವಾಗ ಶೇ. 3ರಲ್ಲಿ ಮೇಲಿನ ಸಮತಟ್ಟಿನ (ಪೀಡನ ಹೆಚ್ಚು ಬದಲಾಗದೆ ಹಿಗ್ಗು ಮುಂದುವರಿಯುವ ಭಾಗದ) ಪೀಡನ, ಸಡಿಲಿಸುವಾಗ ಶೇ. 2.5ರಲ್ಲಿ ಕೆಳಗಿನದು ಸಿಗುತ್ತದೆ. ಎರಡರ ಅಂತರ ತಂತಿಯೊಳಗೆ ವ್ಯಯವಾಗುವ ಶಕ್ತಿಯ ಸುಳಿವು. ಲೆಕ್ಕ ಚೊಕ್ಕಟ, ಆದರೆ ಉಷ್ಣತೆ ಮರೆತರೆ ಅನರ್ಥ. ಸಮತಟ್ಟಿನ ಪೀಡನ ಪ್ರತಿ ಡಿಗ್ರಿಗೆ ಸುಮಾರು 6 ಮೆಗಾಪಾಸ್ಕಲ್ ಏರುತ್ತದೆ. 22 ಡಿಗ್ರಿಯ ಕೋಣೆಯಲ್ಲಿ ಪಡೆದ ಅಂಕಿ 37 ಡಿಗ್ರಿಯ ರಕ್ತನಾಳದಲ್ಲಿ 90 ಮೆಗಾಪಾಸ್ಕಲ್‌ನಷ್ಟು ಹೆಚ್ಚಿರುತ್ತದೆ, ಸ್ಟೆಂಟು ನಾಳದ ಗೋಡೆಯನ್ನು ಒತ್ತುವ ಬಲವೂ ಅದರೊಂದಿಗೆ ಏರುತ್ತದೆ.

ಎಳೆಯುವ ವೇಗವೂ ಉಷ್ಣತೆಯ ಮಾತೇ. ಹಿಗ್ಗಿಸುವಾಗ ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುವ ರೂಪಾಂತರ ಶಾಖ ಬಿಡುವುದರಿಂದ, ಆತುರದಿಂದ ಎಳೆದ ತಂತಿ ತಾನೇ ಬಿಸಿಯಾಗಿ ಇದ್ದುದಕ್ಕಿಂತ ಗಡಸಾಗಿ ಕಾಣುತ್ತದೆ. ವೇಗ, ಉಷ್ಣತೆ ಎರಡನ್ನೂ ನಮೂದಿಸದ ವರದಿಯ ಸಮತಟ್ಟನ್ನು ಇನ್ನೊಂದು ವರದಿಯದರೊಂದಿಗೆ ಹೋಲಿಸುವಂತಿಲ್ಲ. ಇನ್ನು ಒಂದೇ ಸುತ್ತಿನ ಈ ಎಳೆತದಿಂದ ಲೋಹದ ಆಯಾಸದ ಬಗ್ಗೆ ಏನೂ ತಿಳಿಯದು: ಸುತ್ತುಗಳು ಹೆಚ್ಚಿದಂತೆ ಮೇಲಿನ ಸಮತಟ್ಟು ಇಳಿಯುತ್ತದೆ, ಮರಳದ ಹಿಗ್ಗು ಉಳಿಯುತ್ತದೆ. ನಾಡಿಯೊಂದಿಗೆ ಕೋಟಿಗಟ್ಟಲೆ ಸಲ ಮಿಡಿಯಬೇಕಾದ ಸ್ಟೆಂಟಿಗೆ ಬೇರೆಯೇ ಆಯಾಸ ಪರೀಕ್ಷೆ ಬೇಕು, ಅದೂ 37 ಡಿಗ್ರಿಯಲ್ಲಿ.