ಸೊನ್ನೆಯ ಮೋಹ

ರೀಫ್ ಟ್ಯಾಂಕು ಸಾಕುವವರಿಗೆ ಸೊನ್ನೆಯ ಮೇಲೆ ವಿಪರೀತ ಮೋಹ. ಟೆಸ್ಟ್ ಕಿಟ್ಟಿನ ಪುಟ್ಟ ಸೀಸೆಗೆ ನೀರು ತುಂಬಿ, ಪುಡಿ ಹಾಕಿ ಅಲುಗಾಡಿಸಿದ ಮೇಲೂ ಬಣ್ಣ ಏಳದಿದ್ದರೆ ಮುಖ ಅರಳುತ್ತದೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ! ಅದೇ ಟ್ಯಾಂಕಿನ ಹವಳ ಮಾತ್ರ ವಾರ ವಾರಕ್ಕೂ ಬಿಳಚಿಕೊಳ್ಳುತ್ತ, ಬೆಳವಣಿಗೆ ಮರೆತು ನಿಂತಿರುತ್ತದೆ. ನೀರು ಇಷ್ಟು ಚೊಕ್ಕಟವಾಗಿದ್ದೂ ಹೀಗೇಕೆ ಎಂದು ಕೇಳುತ್ತಾರೆ. ಚೊಕ್ಕಟ ಅತಿಯಾಗಿರುವುದೇ ಕಾರಣ ಎಂದರೆ ನಂಬುವುದಿಲ್ಲ.

ಈ ಮೋಹ ಹುಟ್ಟಿದ್ದು ಕಡಲನ್ನು ನೋಡಿಯೇ. ಹವಳದ ದಿಬ್ಬಗಳು ಬೆಳೆಯುವ ನೀರಿನಲ್ಲಿ ಪೋಷಕಾಂಶ ತೀರಾ ಕಡಿಮೆ. ಇಷ್ಟು ಬಡ ನೀರಿನಲ್ಲಿ ಅಷ್ಟೊಂದು ಜೀವ ಹೇಗೆ ಎಂಬ ಒಗಟಿಗೆ ವಿಜ್ಞಾನಿಗಳು ಡಾರ್ವಿನ್ನನ ಹೆಸರನ್ನೇ ಇಟ್ಟಿದ್ದಾರೆ. ಆದರೆ ಅದು ನಿಂತ ನೀರಲ್ಲ. ಹಗಲಿರುಳೂ ಹರಿಯುತ್ತ ಪ್ಲಾಂಕ್ಟನ್ನನ್ನೂ ಮೀನಿನ ಹಿಕ್ಕೆಯನ್ನೂ ಹವಳದ ಬಾಯಿಗೆ ತಂದು ಸುರಿಯುತ್ತದೆ. ಟೆಸ್ಟ್ ಕಿಟ್ ತೋರಿಸುವುದು ಪಾಸ್‌ಬುಕ್ಕಿನ ಕೊನೆಯ ಸಾಲನ್ನಷ್ಟೇ; ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಕಡಲಿನಲ್ಲಿ ಉಳಿಕೆ ಕಡಿಮೆ, ಒಳಹರಿವು ಅಪಾರ. ನಾಲ್ಕು ಮೀನಿನ ಟ್ಯಾಂಕಿನಲ್ಲಿ ಎರಡೂ ಕಡಿಮೆಯಾದರೆ ಅದಕ್ಕೆ ಉಪವಾಸ ಎನ್ನಬೇಕು.

ಹವಳ ಪ್ರಾಣಿ. ಅದರ ಮೈಯೊಳಗೆ ಜೂಜಾಂಥೆಲೆ ಎಂಬ ಏಕಕೋಶ ಪಾಚಿ ಮನೆಮಾಡಿಕೊಂಡಿದೆ. ಬೆಳಕಿನಲ್ಲಿ ಅದು ತಯಾರಿಸುವ ಆಹಾರ ಹವಳಕ್ಕೆ ಬೇಕಾದ ಶಕ್ತಿಯ ಶೇ. 90ರವರೆಗೂ ಒದಗಿಸಬಲ್ಲದು. ಆ ಪಾಚಿಗೆ ಸಾರಜನಕ, ರಂಜಕ ಎರಡೂ ಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಪೇಚು ಹೆಚ್ಚು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ನೈಟ್ರೇಟ್ ಧಾರಾಳವಾಗಿದ್ದು ಫಾಸ್ಫೇಟ್ ಬರಿದಾದಾಗ ಹವಳ ಬಿಸಿಗೂ ಬೆಳಕಿಗೂ ಬೇಗ ಸೋತು ಬಿಳಿಚುತ್ತದೆ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳನ್ನು ಕಣ್ಣುಮುಚ್ಚಿ ಸುರಿಯುವವರು ಇದನ್ನು ನೆನಪಿಡಬೇಕು.

ಅತಿಯಾದರೂ ಕೇಡೇ. ಪೋಷಕಾಂಶ ಉಕ್ಕಿದರೆ ಜೂಜಾಂಥೆಲೆ ದಟ್ಟವಾಗಿ, ಹವಳದ ಸ್ವಂತ ನೀಲಿ, ಹಸಿರುಗಳು ಕಂದು ಬಣ್ಣದಡಿ ಮುಚ್ಚಿಹೋಗುತ್ತವೆ. ಕಲ್ಲಿನ ಮೇಲೆ ಕೂದಲು ಪಾಚಿ ಹಬ್ಬುತ್ತದೆ. ಫಾಸ್ಫೇಟ್ ಬಹಳ ಏರಿದರೆ ಸುಣ್ಣದ ಅಸ್ಥಿಪಂಜರ ಕಟ್ಟುವ ಕೆಲಸವೂ ನಿಧಾನವಾಗುತ್ತದೆ.

ಹಾಗಾದರೆ ಎಷ್ಟಿರಬೇಕು? ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ನಾನು ನಿಶ್ಚಿಂತ. ಈ ಮಿತಿಯೊಳಗೆ ಯಾವ ಅಂಕಿ ಎಂಬುದಕ್ಕಿಂತ ಅದು ಅಲುಗದೆ ನಿಲ್ಲುವುದು ಮುಖ್ಯ. ಪೋಷಕಾಂಶ ಕಡಿಮೆ ಇಟ್ಟವರು ಆಲ್ಕಲಿನಿಟಿಯನ್ನು 7-8 ಡಿಕೆಎಚ್ ದಾಟಿಸದಿದ್ದರೆ ಹವಳದ ತುದಿ ಸುಡುವುದು ತಪ್ಪುತ್ತದೆ. ಮೀಟರು ಏನನ್ನು ಅಳೆಯುತ್ತದೆಂದೂ ನೋಡಿಕೊಳ್ಳಿ. ಕೆಲವು ಮೀಟರುಗಳು ಫಾಸ್ಫೇಟ್ ಬದಲು ಬರಿಯ ಫಾಸ್ಫರಸ್ಸನ್ನು ಪಿಪಿಬಿ ಲೆಕ್ಕದಲ್ಲಿ ಕೊಡುತ್ತವೆ. ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಬೇಕು: 10 ಎಂದು ತೋರಿದರೆ ಸುಮಾರು 0.03 ಪಿಪಿಎಂ.

ಬೆಂಗಳೂರಿನವರಿಗೆ ಒಂದು ಮಾತು. ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇರಬಹುದು. ಅಡುಗೆಮನೆಯ ಆರ್‌ಒ ನೀರೂ ಸಾಲದು. ಅದರ ನಂತರ ಅಯಾನು ಹೀರುವ ಡಿಐ ರೆಸಿನ್ ಇಟ್ಟು, ಟಿಡಿಎಸ್ ಸೊನ್ನೆ ಬಂದ ಮೇಲೆಯೇ ಉಪ್ಪು ಬೆರೆಸಿ. ಸೊನ್ನೆಗೆ ಸಲ್ಲುವ ಜಾಗ ಅದೊಂದೇ. ಇನ್ನೊಂದು, ಅಮೆರಿಕ, ಜರ್ಮನಿಗಳಲ್ಲಿ ಅಂಗಡಿಯಿಂದ ಅಕ್ರೋಪೊರಾ ಎಂಬ ಕಲ್ಲುಹವಳದ ತುಂಡು ತಂದು ಬೆಳೆಸುವುದು ಸಾಮಾನ್ಯ. ನಮ್ಮಲ್ಲಿ ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ನೇತ್ರಾಣಿಯಲ್ಲಿ ಡೈವಿಂಗಿಗೆ ಇಳಿದವರು ಕಡಲ ತಳದ ಹವಳವನ್ನು ಮುರಿದರೆ ಇಲ್ಲವೇ ಕಿತ್ತರೆ ಅದು ಅಪರಾಧ.

ಈ ವಾರದ ಟೆಸ್ಟಿನಲ್ಲೂ ಸೊನ್ನೆ ಬಂದರೆ ಡಬ್ಬಿ ರಾಸಾಯನಿಕಕ್ಕೆ ಓಡಬೇಡಿ. ಮೊದಲು ಮೀನಿಗೆ ಇನ್ನೊಂದು ಹೊತ್ತು ಊಟ ಹಾಕಿ. ಅದರ ಹಿಕ್ಕೆಯೇ ಹವಳಕ್ಕೆ ಗೊಬ್ಬರ. ನೀರಿನ ಕಸವನ್ನು ನೊರೆಯಲ್ಲಿ ತೆಗೆಯುವ ಸ್ಕಿಮ್ಮರ್ ಓಡುವ ತಾಸುಗಳನ್ನು ಇಳಿಸಿ, ಫಾಸ್ಫೇಟ್ ಹೀರುವ ಹರಳನ್ನು ತೆಗೆದಿಡಿ. ಅದಕ್ಕೂ ಜಗ್ಗದಿದ್ದರೆ ನೈಟ್ರೇಟ್, ಫಾಸ್ಫೇಟ್ ದ್ರಾವಣವನ್ನು ಹನಿ ಲೆಕ್ಕದಲ್ಲಿ ಕೊಡಿ. ಟ್ಯಾಂಕಿನ ಸುಣ್ಣಕಲ್ಲೂ ಮರಳೂ ಮೊದಲು ಫಾಸ್ಫೇಟನ್ನು ತಾವೇ ಹೀರಿಕೊಳ್ಳುವುದರಿಂದ ಕೆಲವು ದಿನ ಅಂಕಿ ಏಳದು; ಆತುರಪಟ್ಟು ಪ್ರಮಾಣ ಏರಿಸಬೇಡಿ. ಸೊನ್ನೆಯಲ್ಲೇ ಬಿಟ್ಟರೆ ಉಳಿದ ಪಾಚಿಗಳು ಸೊರಗಿ, ಖಾಲಿಯಾದ ಜಾಗವನ್ನು ಡೈನೊಫ್ಲಾಜೆಲೇಟ್‌ಗಳು ಆಕ್ರಮಿಸುತ್ತವೆ. ಗುಳ್ಳೆ ಕಟ್ಟಿದ ಕಂದು ಲೋಳೆಯಂತೆ ಹಬ್ಬುವ ಅವನ್ನು ಓಡಿಸುವುದು ಕೂದಲು ಪಾಚಿಯನ್ನು ಕೀಳುವುದಕ್ಕಿಂತ ಕಷ್ಟ. ಹವಳಕ್ಕೆ ಬಣ್ಣ ಮರಳಲು ವಾರಗಳೇ ಬೇಕು. ಅಲ್ಲಿಯವರೆಗೆ ಮತ್ತೇನನ್ನೂ ಬದಲಿಸದೆ ಕೈಕಟ್ಟಿ ಕೂರಬಲ್ಲವರಿಗೆ ಮಾತ್ರ ಈ ಹವ್ಯಾಸ ಒಲಿಯುತ್ತದೆ.