ವೆಲಣಕರನ ಸಿಟ್ಟು, ಪೇದೆಯ ರಜೆ

ಪೊಲೀಸರ ಕಷ್ಟ ಎಂದೊಡನೆ ನಮ್ಮ ಸಿನಿಮಾಗಳು ಮಚ್ಚು, ಪಿಸ್ತೂಲು ಹಿಡಿದ ರೌಡಿಗಳನ್ನು ಕರೆತರುತ್ತವೆ. ಗೋವಿಂದ ನಿಹಲಾನಿಯವರ ‘ಅರ್ಧ ಸತ್ಯ’ (1983) ಬೇರೆ ಕಡೆ ಕಣ್ಣು ಹಾಯಿಸಿತು. ಮುಂಬೈಯ ಸಬ್ ಇನ್ಸ್‌ಪೆಕ್ಟರ್ ಅನಂತ ವೆಲಣಕರನಿಗೆ ಗೂಂಡಾಗಳ ಅಂಜಿಕೆಯಿಲ್ಲ. ಅವನನ್ನು ಹಣ್ಣು ಮಾಡುವುದು ಮೇಲಿನಿಂದ ಬರುವ ಫೋನು. ಹಿಡಿದು ತಂದವರನ್ನು ಬಿಟ್ಟು ಕಳಿಸಬೇಕು. ಜೀವ ಪಣಕ್ಕಿಟ್ಟು ಡಕಾಯಿತನನ್ನು ಹಿಡಿದರೆ ಹೆಸರು ಇನ್ನೊಬ್ಬ ಅಧಿಕಾರಿಗೆ. ಅತ್ತ ಗೂಂಡಾ ನಾಯಕ ರಾಮಾ ಶೆಟ್ಟಿ ಚುನಾವಣೆಗೆ ನಿಂತು ದೊಡ್ಡ ಮನುಷ್ಯನಾಗುತ್ತಿರುತ್ತಾನೆ. ಓದು ಮುಂದುವರಿಸಬೇಕೆಂದಿದ್ದ ಮಗನನ್ನು ಇಲಾಖೆಗೆ ತಳ್ಳಿದವನು ಸ್ವತಃ ಪೊಲೀಸನಾಗಿದ್ದ ಅಪ್ಪ; ಹಾಗಾಗಿ ಮನೆಯಲ್ಲೂ ಸಮವಸ್ತ್ರದ್ದೇ ದರ್ಬಾರು.

ವಿಜಯ್ ತೆಂಡೂಲ್ಕರರ ಚಿತ್ರಕಥೆಯ ಗಟ್ಟಿತನ ಲಾಕಪ್ಪಿನ ಸಾವಿನಲ್ಲಿದೆ. ಸಾಹೇಬರ ಮುಂದೆ ನುಂಗಿಕೊಂಡದ್ದನ್ನೆಲ್ಲ ವೆಲಣಕರ ಕುಡಿದ ಅಮಲಿನಲ್ಲಿ ಒಬ್ಬ ಚಿಲ್ಲರೆ ಕಳ್ಳನ ಮೇಲೆ ಕಾರುತ್ತಾನೆ. ಆ ಬಡಪಾಯಿ ಸಾಯುತ್ತಾನೆ. ಇಲ್ಲಿ ಒತ್ತಡ ಕಾರಣವೇ ಹೊರತು ಕ್ಷಮಾಪಣೆಯಲ್ಲ. ವೆಲಣಕರನಾದ ಓಂ ಪುರಿ ಕೂಡ ನಮ್ಮ ಕನಿಕರಕ್ಕೆ ಕೈಯೊಡ್ಡುವುದಿಲ್ಲ. ಬಿಗಿದ ದವಡೆಯ ಆ ಮುಖ ನೋಡಿದರೆ ಮರುಕಕ್ಕಿಂತ ಮೊದಲು ಭಯವಾಗುತ್ತದೆ.

ನನ್ನ ತಕರಾರು ಪೇದೆಗಳ ಕುರಿತಾದದ್ದು. ಸೆಲ್ಯೂಟ್ ಹೊಡೆದು, ಜೀಪಿನ ಹಿಂದೆ ಕೂತು ಅವರು ಚೌಕಟ್ಟಿನ ಅಂಚಿಗೇ ಸರಿದುಬಿಡುತ್ತಾರೆ. ಇಲಾಖೆಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವವರು ಅವರೇ. ಜಾತ್ರೆ, ಗಣೇಶನ ಮೆರವಣಿಗೆ, ಮಂತ್ರಿಗಳ ಸವಾರಿ, ಎಲ್ಲಕ್ಕೂ ಬಂದೋಬಸ್ತಿಗೆ ನಿಂತವನಿಗೆ ತನ್ನ ಮನೆಯ ಹಬ್ಬವಿಲ್ಲ. ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆಂದು ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳ 2019ರ ವರದಿ ಹೇಳಿತು. 2016ರ ಜೂನ್‌ನಲ್ಲಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಮುಂದಿಟ್ಟದ್ದೂ ಇಂಥವನ್ನೇ: ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳ. ಸರ್ಕಾರ ಮುಷ್ಕರ ತಡೆಯುವ ಎಸ್ಮಾ ಕಾಯ್ದೆಯನ್ನು ಎತ್ತಿಕೊಂಡಿತು. ಸರ್ಕಾರದ ಅನುಮತಿಯಿಲ್ಲದೆ ಪೊಲೀಸರು ಸಂಘ ಕಟ್ಟುವುದನ್ನು 1966ರ ಕಾನೂನೇ ತಡೆಯುತ್ತದೆ. ರಜೆ ಕೊಡದ ಸಾಹೇಬರ ಮೇಲಿನ ದೂರನ್ನು ಮತ್ತೆ ಸಾಹೇಬರಿಗೇ ಸಲ್ಲಿಸಬೇಕು! ಇಂಥ ದಣಿವಿನಲ್ಲಿ ನಾಟಕವಿಲ್ಲ, ಕ್ಯಾಮೆರಾಕ್ಕೆ ಅದು ರುಚಿಸುವುದೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ನಿಹಲಾನಿಯಂಥ ನಿರ್ದೇಶಕರಿಂದ ಅದನ್ನು ಬಯಸುವುದು ಅತಿಯಾಸೆಯೇನಲ್ಲ.

ಕೊನೆಯಲ್ಲಿ ವೆಲಣಕರ ರಾಮಾ ಶೆಟ್ಟಿಯ ಕತ್ತು ಹಿಸುಕಿ ಠಾಣೆಗೆ ಬಂದು ಶರಣಾಗುತ್ತಾನೆ. ನೋಡುವವರಿಗೆ ಉಸಿರು ಹಗುರಾಗುತ್ತದೆ. ಚಿತ್ರ ಜಾರಿದ್ದು ಅಲ್ಲೇ ಎನ್ನಿಸುತ್ತದೆ ನನಗೆ. ಅಲ್ಲಿಯವರೆಗೆ ಇಲಾಖೆಯ ಒಳಗಿನ ಏರ್ಪಾಟಿನತ್ತ ಬೆರಳು ತೋರಿಸುತ್ತ ಬಂದ ಕಥೆ ಏಕಾಏಕಿ ಒಬ್ಬ ಖಳನನ್ನು ಕೊಂದು ಲೆಕ್ಕ ಚುಕ್ತಾ ಮಾಡುತ್ತದೆ. ಫೋನ್ ಮಾಡಿದ ಅಧಿಕಾರಿ ತನ್ನ ಕುರ್ಚಿಯಲ್ಲೇ ಇದ್ದಾನೆ.